ಭತ್ತಕ್ಕೆ ಕಾವಲಿಟ್ಟ ಕಲ್ಲು

ನನ್ನ ಗೆಳೆಯ ಬೈಕನ್ನು ಜೋರಾಗಿ ಓಡಿಸಿ ಸತ್ತ ಎಂದು ಸಿಂಧನೂರಿನಲ್ಲಿ ಮಾತು. ಕಿರಾಣಿ ಅಂಗಡಿಯಲ್ಲಿ ಹೇಳುತ್ತಾರೆ, ಕ್ಷೌರದ ಅಂಗಡಿಯಲ್ಲಿ ಹೇಳುತ್ತಾರೆ. ಮಣ್ಣಿಗೆ ಬಂದವರಂತೂ ಅವನ ಮೇಲೆ ಮಣ್ಣು ಹಾಕಿ ಕೈ ತೊಳೆಯುವ ಮೊದಲೇ ಹೇಳಿದರು. ಈ ವಯಸ್ಸಿನಲ್ಲಿ ಇದೆಲ್ಲ ಯಾತಕ್ಕೆ ಬೇಕಿತ್ತು ಎಂದರು. ಅದು ಸುಳ್ಳು. ಅವನ ಹಿಂದೆ ಇನ್ನೊಂದು ಬೈಕಿನಲ್ಲಿ ಬರುತ್ತಿದ್ದವನು ನಾನು. ಅವನ ಗಾಡಿ ಎಷ್ಟು ನಿಧಾನವಾಗಿತ್ತು ಎಂಬುದು ನನಗೆ ಗೊತ್ತು. ಅದು ಯಾವುದಕ್ಕೆ ಬಡಿಯಿತು ಎಂಬುದೂ ಗೊತ್ತು.

ನಾನು ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು ನಿವೃತ್ತನಾದವನು. ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಸಾಲು ಬಿಡದೆ ನಿಲ್ಲುವುದು, ಇವನ್ನು ಮಕ್ಕಳಿಗೆ ಕಲಿಸುತ್ತ ಕಲಿಸುತ್ತ ನನಗೇ ಅಂಟಿಕೊಂಡವು. ಅವನು ರಸಗೊಬ್ಬರದ ಅಂಗಡಿ ಇಟ್ಟಿದ್ದ. ಗೊರೇಬಾಳದ ಕಡೆ ಕಾಲುವೆ ನೀರಿನ ಗದ್ದೆಯೂ ಇತ್ತು. ನಮಗೆ ಪರಿಚಯವಾದದ್ದು ಜಗಳದಿಂದ. ಅವನ ಮಗ ನನ್ನ ವಿದ್ಯಾರ್ಥಿ, ಬೆಳಗಿನ ಪ್ರಾರ್ಥನೆಗೆ ದಿನವೂ ತಡ. ಒಮ್ಮೆ ಮೈದಾನದ ಸುತ್ತ ಓಡಿಸಿದೆ. ಮರುದಿನ ಅಪ್ಪ ಬಂದ.

“ಏನ್ರಿ ಮಾಸ್ತರ, ನನ್ನ ಮಗನ್ನ ಬಿಸಿಲಾಗ ಓಡಿಸೀರಂತ?”

“ಹೌದ್ರಿ. ನಾಳಿ ತಡ ಮಾಡಿದ್ರ ನಾಳಿನೂ ಓಡಸ್ತೀನಿ.”

ಅವನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಬೇವಿನ ಮರದಡಿ ನಿಲ್ಲಿಸಿದ್ದ ನನ್ನ ಬೈಕು ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಚೈನನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಇಷ್ಟು ಹಳೇ ಗಾಡಿ, ಹಿಂಗ್ ಹೆಂಗ ಇಟ್ಟೀರ್ರಿ?”

“ಭಾನುವಾರಕ್ಕೊಮ್ಮೆ ಒರಸ್ತೀನಿ, ಎಣ್ಣಿ ಹಾಕ್ತೀನಿ.”

“ನಂದೂ ಇದಾ ಗಾಡಿ. ಕತ್ತೆ ಒದರಿದಂಗ ಒದರತೈತಿ.”

ಮಗನ ಮಾತು ಅಲ್ಲಿಗೇ ಮುಗಿಯಿತು. ಮುಂದಿನ ಭಾನುವಾರ ಗಾಡಿಯನ್ನು ತಳ್ಳಿಕೊಂಡು ನನ್ನ ಮನೆಗೆ ಬಂದ. ಆಮೇಲೆ ಭಾನುವಾರಗಳು ನಮ್ಮಿಬ್ಬರವು. ಬೆಳಿಗ್ಗೆ ಸಿಂಧನೂರು ಬಿಟ್ಟು ಮಸ್ಕಿಯಲ್ಲಿ ಮಿರ್ಚಿ, ಮಂಡಾಳ ಒಗ್ಗರಣೆ, ಚಹಾ. ಅಲ್ಲಿಂದ ಲಿಂಗಸುಗೂರು. ಅಲ್ಲಿ ಬಸ್ ನಿಲ್ದಾಣದ ಎದುರು ಇನ್ನೊಂದು ಚಹಾ, ಮತ್ತೆ ವಾಪಸ್. ನೋಡುವಂಥದ್ದು ಏನಿದೆ ಎಂದು ಜನ ಕೇಳುತ್ತಿದ್ದರು. ನಾವು ನೋಡಲು ಹೋಗುತ್ತಿರಲಿಲ್ಲ, ಓಡಿಸಲು ಹೋಗುತ್ತಿದ್ದೆವು. ಒಬ್ಬರ ಹಿಂದೊಬ್ಬರು ಹೋಗಬೇಕು, ಪಕ್ಕಪಕ್ಕದಲ್ಲಿ ಮಾತಾಡುತ್ತ ಹೋಗಬಾರದು. ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು. ಎದುರಿನಿಂದ ದೊಡ್ಡ ಗಾಡಿ ಬಂದರೆ ಎಡಕ್ಕೆ ಸರಿಯಬೇಕು, ಪಂತ ಕಟ್ಟಬಾರದು. ಈ ಕಟ್ಟಳೆಗಳೆಲ್ಲ ನನ್ನವು. ಅವನು ಪಾಲಿಸುತ್ತಿದ್ದ, ಆದರೆ ಗೇಲಿ ಮಾಡದೆ ಪಾಲಿಸಿದ್ದಿಲ್ಲ.

“ಹೋಗಾಣೇನ್ರಿ ಮಾಸ್ತರ, ಇಲ್ಲಾ ಮೊದಲ ಹಾಜರಿ ಹಾಕ್ತೀರೋ?” ಎನ್ನುವನು. ಎಷ್ಟು ವರ್ಷವಾದರೂ ಎದುರಿಗೆ ‘ರೀ’ ಬಿಡಲಿಲ್ಲ. ಸಿಟ್ಟು ಬಂದಾಗ ಮಾತ್ರ, ನಾನು ಮೈದಾನದಲ್ಲಿ ಊದುತ್ತಿದ್ದ ಸೀಟಿಯ ನೆಪದಲ್ಲಿ, ‘ಮಾಸ್ತರ’ ಹೋಗಿ ‘ಲೇ ಸೀಟಿ’ ಆಗುತ್ತಿದ್ದೆ.

ಮಸ್ಕಿಯಲ್ಲಿ ಚಹಾ ಕುಡಿಯುತ್ತ, ಹಳೆಯ ಬಂಡೆ ಶಾಸನವಿರುವ ಗುಡ್ಡದ ಕಡೆ ಕೈ ತೋರಿಸಿ ಹೇಳುತ್ತಿದ್ದ: “ಆ ಕಾಲದ ರಾಜ ಅಲ್ಲಿಂದ ಇಲ್ಲಿತನಕ ಬಂದು ಬಂಡಿ ಮ್ಯಾಲ ಬರಸ್ಯಾನಂದ್ರ, ರಸ್ತೆ ಛಲೋ ಇದ್ದಿರಬೇಕ್ರಿ. ಈಗಿನವ್ರು ನೋಡ್ರಿ, ರಸ್ತೆ ಮ್ಯಾಲ ಬರೇ ಗುಂಡಿ ಬರಸ್ಯಾರ.”

ಅವನ ಹೆಂಡತಿಗೆ ಈ ತಿರುಗಾಟ ಸೇರುತ್ತಿರಲಿಲ್ಲ. ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು “ಸಾವಕಾಶ ಹೋಗ್ತೀನಂತ ಮಾತು ಕೊಡ್ರಿ” ಎನ್ನುತ್ತಿದ್ದರು. ಅವನು ಕೊಡುತ್ತಿದ್ದ. ನನ್ನ ಕಡೆ ತಿರುಗಿ “ಅಣ್ಣಾರ, ನೀವ ಸಾಕ್ಷಿ” ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಇದು ನಗೆಯ ಮಾತಾಗಿತ್ತು, ಈಗ ಅಲ್ಲ.

ನಮ್ಮ ಸೀಮೆಯವರಲ್ಲದವರಿಗೆ ಒಂದು ಸಂಗತಿ ಹೇಳಬೇಕು. ಇಲ್ಲಿ ಭತ್ತವನ್ನು ಈಗ ಯಂತ್ರ ಕೊಯ್ಯುತ್ತದೆ. ಕೊಯ್ದ ಭತ್ತ ಹಸಿಯಾಗಿರುತ್ತದೆ. ವ್ಯಾಪಾರಿ ರಾಶಿಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿ ‘ಹಸಿ ಐತಿ’ ಎಂದರೆ ಮುಗಿಯಿತು, ದರ ಬಿತ್ತು. ಒಣಗಿಸಲು ಕಣ ಎಲ್ಲಿದೆ? ಹಿಂದೆ ಕಣವಾಗಿದ್ದ ಜಾಗದಲ್ಲೂ ನಾಟಿ ಮಾಡಿದ್ದಾರೆ. ಡಾಂಬರು ರಸ್ತೆ ಚೆನ್ನಾಗಿ ಕಾಯುತ್ತದೆ, ಹಾಗಾಗಿ ಅರ್ಧ ರಸ್ತೆಗೆ ಭತ್ತ ಹರಡುತ್ತಾರೆ. ಇನ್ನರ್ಧದಲ್ಲಿ ಲಾರಿ, ಬಸ್ಸು, ಆಟೋ, ಎತ್ತಿನ ಗಾಡಿ, ಶಾಲೆಯ ಮಕ್ಕಳು, ಎಲ್ಲರೂ. ಇದೇ ತಪ್ಪು ಎಂದು ನಾನು ಹಿಂದಿನಿಂದಲೂ ಹೇಳುತ್ತ ಬಂದಿದ್ದೇನೆ. ಆದರೆ ಕೊಲ್ಲುವುದು ಭತ್ತವಲ್ಲ. ಗಾಲಿ ಭತ್ತದ ಮೇಲೆ ಹರಿಯಬಾರದೆಂದು ಅದರ ಅಂಚಿಗೆ, ರಸ್ತೆಯ ನಡುವೆ, ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರಲ್ಲ, ಅದು ಕೊಲ್ಲುತ್ತದೆ. ಹಗಲಿನಲ್ಲಿ ಭತ್ತ ಹಳದಿಯಾಗಿ ಕಾಣುವುದರಿಂದ ಕಲ್ಲೂ ಕಾಣುತ್ತದೆ. ಸಂಜೆ ಭತ್ತವನ್ನು ಎಳೆದು ರಸ್ತೆಯ ಬದಿಗೆ ರಾಶಿ ಮಾಡಿ ಮೇಲೆ ಕರಿ ತಾಡಪತ್ರಿ ಹೊದಿಸುತ್ತಾರೆ. ಕಲ್ಲು ಅಲ್ಲೇ ಉಳಿಯುತ್ತದೆ. ಬೆಳಗಾದರೆ ಮತ್ತೆ ಬೇಕಲ್ಲ! ಎತ್ತಿಟ್ಟು ಮತ್ತೆ ತಂದಿಡುವ ಕಷ್ಟ ಯಾರು ಪಡಬೇಕು? ಡಾಂಬರಿನ ಬಣ್ಣದ ಕಲ್ಲು, ಡಾಂಬರಿನ ಬಣ್ಣದ ಸಂಜೆ. ಒಂದು ಚಿಂದಿ ಬಟ್ಟೆಯನ್ನೂ ಕಟ್ಟುವುದಿಲ್ಲ.

ಆ ಭಾನುವಾರ ಲಿಂಗಸುಗೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಗೃಹಪ್ರವೇಶ. ಊಟ ತಡವಾಯಿತು. ಮಸ್ಕಿ ದಾಟಿ ಗದ್ದೆಯ ಬಯಲು ಶುರುವಾಗುವ ಹೊತ್ತಿಗೆ ಸೂರ್ಯ ಇಳಿದಿದ್ದ. ದೀಪ ಹಾಕಿಕೊಂಡು ಇನ್ನೂ ನಿಧಾನವಾಗಿ ಬರುತ್ತಿದ್ದೆವು. ಅವನು ಮುಂದೆ, ನಾನು ಹಿಂದೆ. ಎದುರಿನಿಂದ ಭತ್ತ ತುಂಬಿದ ಲಾರಿಯೊಂದು ಕಣ್ಣು ಕುಕ್ಕುವಂತೆ ದೀಪ ಹಾಕಿಕೊಂಡು ಬಂತು. ಎಡಗಡೆ ರಸ್ತೆ ಖಾಲಿ ಕಾಣುತ್ತಿತ್ತು. ಭತ್ತ ಎಳೆದು ರಾಶಿ ಮಾಡಿಯಾಗಿತ್ತು. ಅವನು ನಮ್ಮ ಕಟ್ಟಳೆಯಂತೆ ಎಡಕ್ಕೆ ಸರಿದ. ಮುಂದಿನ ಗಾಲಿ ಕಲ್ಲಿಗೆ ಬಡಿಯಿತು. ಗಾಡಿ ಮಗುಚಿ ರಾಶಿಯ ಕಡೆ ಜಾರಿತು, ಅವನು ಎದೆ ಕೊಟ್ಟು ಇನ್ನೊಂದು ಕಲ್ಲಿನ ಮೇಲೆ ಬಿದ್ದ. ಲಾರಿ ನಿಲ್ಲಲೇ ಇಲ್ಲ.

ನಾನು ಓಡಿಹೋಗಿ ಅವನ ತಲೆ ಹಿಡಿದೆ. ಹೆಲ್ಮೆಟ್ಟು ಗಟ್ಟಿಯಾಗಿತ್ತು, ತಲೆಗೆ ಏನೂ ಆಗಿರಲಿಲ್ಲ. ಉಸಿರು ಮಾತ್ರ ಸೇದುತ್ತಿತ್ತು.

“ಗಾಡಿ ಬಂದ್ ಮಾಡ್ರಿ ಮಾಸ್ತರ,” ಎಂದ. ಬಿದ್ದ ಬೈಕಿನ ಎಂಜಿನ್ನು ಇನ್ನೂ ಓಡುತ್ತಿತ್ತು. ನಾನು ಹೋಗಿ ಆರಿಸಿ ಬಂದೆ.

ರಾಶಿ ಕಾಯುತ್ತಿದ್ದವರು ಮೂರು ಜನ ಬಂದರು. ಇಬ್ಬರು ನಮ್ಮ ಕಡೆ ಬಂದರು. ಒಬ್ಬ ನೀರು ತಂದ, ಇನ್ನೊಬ್ಬ ಆಂಬುಲೆನ್ಸಿಗೆ ಫೋನು ಮಾಡಿದ. ಅವರನ್ನು ನಾನು ಬೈಯುವುದಿಲ್ಲ. ಮೂರನೆಯವನು ಭತ್ತದ ಮಾಲೀಕ. ಗಾಡಿ ಜಾರಿದ ರಭಸಕ್ಕೆ ತಾಡಪತ್ರಿ ಹರಿದು ಭತ್ತ ಚೆಲ್ಲಿತ್ತು. ಅವನು ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಭತ್ತ ಬಳಿಯುತ್ತಿದ್ದ. ಅಂಗೈ ಅಂಚಿನಿಂದ, ಒಂದು ಕಾಳೂ ಬಿಡದಂತೆ. ನನ್ನ ಗೆಳೆಯ ಅವನಿಂದ ಎರಡು ಮಾರು ದೂರದಲ್ಲಿ ಬಿದ್ದಿದ್ದ.

ಮರುದಿನ ಬೆಳಿಗ್ಗೆ ಪೊಲೀಸಿನವನೊಬ್ಬನ ಜೊತೆ ಅಲ್ಲಿಗೆ ಹೋದೆ. ರಸ್ತೆ ಗುಡಿಸಿದಂತೆ ಸ್ವಚ್ಛವಾಗಿತ್ತು. ಭತ್ತವಿಲ್ಲ, ಕಲ್ಲೂ ಇಲ್ಲ.

“ಎಲ್ಲೈತ್ರಿ ಮಾಸ್ತರ ಕಲ್ಲು?” ಎಂದ ಪೊಲೀಸಿನವನು.

ಮಾಲೀಕ ಹೆಗಲ ಮೇಲಿನ ಟವೆಲ್ ಕೊಡವುತ್ತ ಬಂದ. “ಕಲ್ಲಾ? ರಸ್ತೆ ಮ್ಯಾಲ ನಾವ್ಯಾಕ ಕಲ್ಲು ಇಡಾಣ್ರಿ ಸಾಹೇಬ್ರ? ಆ ಹಿರೇರು ಭಾಳ ಜೋರ್ ಬಂದ್ರು. ಲಾರಿ ನೋಡಿ ಗಾಬರಿ ಆದ್ರು.”

ಇಲ್ಲಿ ಹುಟ್ಟಿತು ಆ ಸುಳ್ಳು. ನಾನು ಅದರ ಹೆರಿಗೆಯನ್ನು ಕಣ್ಣಾರೆ ಕಂಡೆ. ಗದ್ದೆಯ ಬದುವಿನ ಮೇಲೆ ಕಲ್ಲುಗಳನ್ನು ಒಪ್ಪವಾಗಿ ಪೇರಿಸಿದ್ದರು. ತೋರಿಸಿದೆ. ಅವು ಹೊಲದ ಕಲ್ಲು ಎಂದ. ಹೊಲದ ಕಲ್ಲಿಗೆ ಡಾಂಬರು ಮೆತ್ತಿಕೊಳ್ಳುತ್ತದೆಯೇ ಎಂದು ಕೇಳಿದೆ. ಅವನು ಪೊಲೀಸಿನವನ ಮುಖ ನೋಡಿದ. ಪೊಲೀಸಿನವನು ನನ್ನನ್ನು ಪಕ್ಕಕ್ಕೆ ಕರೆದ.

“ನಮ್ಮ ಮನ್ಯಾಗೂ ಇಡ್ತಾರ್ರಿ ಮಾಸ್ತರ. ಒಂದು ಊರಿನ ಮ್ಯಾಲ ಕೇಸ್ ಹಾಕಿದ್ರ ಎಲ್ಲಾ ಊರಿನ ಮ್ಯಾಲ ಹಾಕಬೇಕು. ಅಷ್ಟು ಜೈಲ್ ಖೋಲಿ ಎಲ್ಲಿಂದ ತರೋಣ, ನೀವ ಹೇಳ್ರಿ.”

ಇದನ್ನು ಅವನು ನಗುತ್ತ ಹೇಳಿದ. ಕೆಟ್ಟ ಮನುಷ್ಯನಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಎಲ್ಲರೂ ಒಳ್ಳೆಯವರು, ಎಲ್ಲರೂ ಕಲ್ಲು ಇಡುವವರು.

ಮೂರನೆಯ ದಿನ ದವಾಖಾನೆಯಲ್ಲಿ ಗೆಳೆಯ ತೀರಿಕೊಂಡ. ಪಕ್ಕೆಲುಬು ಮುರಿದು ಪುಪ್ಪುಸಕ್ಕೆ ಹೊಕ್ಕಿತ್ತು ಎಂದರು ಡಾಕ್ಟರು. ಕೊನೆಗೆ ಮಾತು ಬರಲಿಲ್ಲ. ಊರಿಗೆ ತಂದು ಮಣ್ಣು ಕೊಟ್ಟೆವು. ಆ ಹೊತ್ತಿಗೆ ಮಾಲೀಕನ ಮಾತು ನಮಗಿಂತ ಮೊದಲೇ ಸಿಂಧನೂರಿಗೆ ಬಂದು ಕೂತಿತ್ತು. ನಾನು ಎದುರಾಡಿದೆ. ಕಲ್ಲು ಕಲ್ಲು ಎಂದು ಹೇಳಿದೆ. ಹಿರಿಯರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು “ಹೋದವರು ಬರ್ತಾರೇನ್ರಿ ಮಾಸ್ತರ? ಶಿವನ ಇಚ್ಛಾ” ಎಂದರು. ಶಿವ ಯಾವಾಗ ರಸ್ತೆಯ ಮೇಲೆ ಕಲ್ಲು ಇಟ್ಟ? ಇಟ್ಟವರು ಯಾರು ಎಂದು ಅವರಿಗೂ ಗೊತ್ತಿತ್ತು.

ಮಗ ಕೂಡ ಅದನ್ನೇ ಹೇಳಿದ. ಈಗ ಅಂಗಡಿ, ಗದ್ದೆ ಎಲ್ಲ ಅವನ ಕೈಯಲ್ಲಿದೆ. “ಬಿಟ್ಟುಬಿಡ್ರಿ ಕಾಕಾ, ಅವ್ವಗ ಇನ್ನಷ್ಟು ತ್ರಾಸ ಆಗತೈತಿ,” ಎಂದ. ದುಃಖದಲ್ಲಿದ್ದಾನೆ ಎಂದು ನಾನು ಸುಮ್ಮನಾದೆ.

ಗೆಳೆಯನ ತಿಂಗಳ ಪೂಜೆಯ ಮುಂಚಿನ ಭಾನುವಾರ ನಾನೊಬ್ಬನೇ ಗಾಡಿ ತೆಗೆದೆ. ಎಂದಿನಂತೆ ನೇರ ಮಸ್ಕಿಗೆ ಹೋಗದೆ, ಗೊರೇಬಾಳದ ಹತ್ತಿರ ಅವನ ಗದ್ದೆಯ ಕಡೆಗೆ ಹೋಗುವ ಸಣ್ಣ ರಸ್ತೆಗೆ ತಿರುಗಿಸಿದೆ. ಅವನ ಗದ್ದೆಯನ್ನೊಮ್ಮೆ ನೋಡಿ ಬರೋಣ ಎನ್ನಿಸಿತ್ತು. ಅರ್ಧ ರಸ್ತೆಗೆ ಭತ್ತ ಹರಡಿತ್ತು. ಅಂಚಿಗೆ ಕಲ್ಲಿನ ಸಾಲು. ಜಾಲಿಯ ಮರದ ಕೆಳಗೆ ಹೊರಸಿನ ಮೇಲೆ ಮಗ ಮೊಬೈಲು ನೋಡುತ್ತ ಕೂತಿದ್ದ.

ಗಾಡಿ ನಿಲ್ಲಿಸಿ ಹೋಗಿ ಎದುರಿಗೆ ನಿಂತೆ. ಅವನು ಎದ್ದು ನಿಂತ.

“ಬರ್ರಿ ಕಾಕಾ.”

“ಏನಲೇ ಇದು?”

“ಭತ್ತ ಹಸಿ ಐತ್ರಿ.”

“ಭತ್ತ ಕೇಳಲಿಲ್ಲ ನಾ. ಅವು ಏನು ಅಂತ ಕೇಳಿದೆ.”

ಅವನು ಕಲ್ಲಿನ ಸಾಲನ್ನು ನೋಡಿದ, ತಲೆ ತಗ್ಗಿಸಿದ. “ಎಲ್ಲಾರೂ ಇಡ್ತಾರ್ರಿ ಕಾಕಾ. ಇಡಲಿಲ್ಲಂದ್ರ ಟ್ರ್ಯಾಕ್ಟರ್‌ನವ್ರು ಮ್ಯಾಲ ಹಾಯ್ಸಿಬಿಡ್ತಾರ. ನುಚ್ಚು ಆಗತೈತಿ.”

“ನಿಮ್ಮಪ್ಪ ಯಾತಕ್ಕ ಬಡದು ಸತ್ತ ಅನ್ನೋದು ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ.”

“ಗೊತ್ತಿದ್ದೂ ಇಟ್ಟೀಯಲ್ಲೋ! ನಿಮ್ಮಪ್ಪ ಇದ್ದಿದ್ರ ಇಡಾಕ ಬಿಡ್ತಿದ್ನೇನು?”

ಅವನು ಮೆಲ್ಲಗೆ ಹೇಳಿದ: “ಅಪ್ಪಾನ ಇಡಸ್ತಿದ್ದ್ರಿ ಕಾಕಾ. ಇವು ಅಪ್ಪ ತರಿಸಿದ ಕಲ್ಲಾ.”

ನಾನು ನಂಬಲಿಲ್ಲ. ಆ ಕಲ್ಲುಗಳಿಗೆ ಎಷ್ಟೋ ಸುಗ್ಗಿಗಳ ಡಾಂಬರು ಮೆತ್ತಿದ್ದನ್ನು ಕಂಡ ಮೇಲೆ ನಂಬಬೇಕಾಯಿತು. ಭಾನುವಾರಗಳಂದು ನನ್ನ ಹಿಂದೆ ಮುಂದೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಕಟ್ಟಳೆ ತಪ್ಪದೆ ಓಡಿಸುತ್ತಿದ್ದವನು ಸೋಮವಾರ ಬಂದು ಇಲ್ಲಿ ಕಲ್ಲು ಇಡಿಸುತ್ತಿದ್ದ. ನಾನು ರಸ್ತೆಯ ಮೇಲಿನ ಭತ್ತವನ್ನು ಬೈದಾಗಲೆಲ್ಲ “ಹೌದ್ರಿ, ಗಲತಿ ಗಲತಿ” ಎಂದು ತಲೆಯಾಡಿಸುತ್ತಿದ್ದ. ಸತ್ತವನ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ನನಗೆ ಬಂತು. ಈಗಲೂ ಹೋಗಿಲ್ಲ. ಎದುರಿಗಿದ್ದಿದ್ದರೆ ಬಿಸಿಲಿನಲ್ಲಿ ಮೈದಾನ ಸುತ್ತಿಸುತ್ತಿದ್ದೆ. ಆದರೆ ಅವನು ಕಲ್ಲು ಇಟ್ಟದ್ದು ತಪ್ಪು ಎಂದ ಮಾತ್ರಕ್ಕೆ ಅವನು ಜೋರಾಗಿ ಓಡಿಸಿ ಸತ್ತ ಎಂಬುದು ನಿಜವಾಗುವುದಿಲ್ಲ. ಆ ಎರಡನ್ನೂ ಕಲಸಲು ನಾನು ಯಾರಿಗೂ ಬಿಡುವುದಿಲ್ಲ.

“ಅಪ್ಪ ಹೆಂಗ ಸತ್ತ ಅಂತ ಅವ್ವಗ ಏನ ಹೇಳೀದಿ?” ಎಂದು ಮಗನನ್ನು ಕೇಳಿದೆ.

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಗದ್ದೆಯ ಕಡೆ ತಿರುಗಿದ. ಗಾಡಿ ತಿರುಗಿಸಿ ನೇರ ಅವರ ಮನೆಗೆ ಹೋದೆ.

ಆ ತಾಯಿ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದರು. ನಾನು ಕೂತೆ. ನೀರು ಬೇಕೇ ಎಂದು ಕೂಡ ಅವರು ಕೇಳಲಿಲ್ಲ. ತಾವೇ ಮಾತೆತ್ತಿದರು.

“ನೀವ ಸಾಕ್ಷಿ ಇದ್ರಿ ಅಣ್ಣಾರ. ಬಾಗಲದಾಗ ನಿಂತು ಮಾತು ಕೊಟ್ಟು ಹೋದ್ರು. ಹೊರಗ ಹೋಗಿ ಹುಡುಗರಂಗ ಹಾರಸ್ತಿದ್ರಂತ. ಎಷ್ಟು ವರ್ಷ ನನಗ ಸುಳ್ಳು ಹೇಳ್ಯಾರೋ ಏನೋ. ಸತ್ತ ಗಂಡನ ಮ್ಯಾಲ ಸಿಟ್ಟು ಮಾಡಿಕೊಂಡು ಕುಂತೀನಿ ನೋಡ್ರಿ, ಕಣ್ಣಾಗ ನೀರೂ ಬರವಲ್ದು.”

ಒಂದು ಸುಳ್ಳು ಯಾರ ಮನೆಗೆ ಹೋಗಿ ಕೂತಿತ್ತು ಎಂಬುದು ಆಗ ನನಗೆ ತಿಳಿಯಿತು. ಮಾಲೀಕ ತನ್ನ ಭತ್ತ ಉಳಿಸಿಕೊಂಡ. ಪೊಲೀಸಿನವನು ತನ್ನ ಕೆಲಸ ಉಳಿಸಿಕೊಂಡ. ಮಗ ತನ್ನ ಕಲ್ಲಿನ ಸಾಲು ಉಳಿಸಿಕೊಂಡ. ಅದರ ಬೆಲೆಯನ್ನು ಈ ಹೆಣ್ಣುಮಗಳು ಕೊಡುತ್ತಿದ್ದಳು, ಗಂಡ ಅವಳಿಗೆ ಕೊಟ್ಟ ಮಾತನ್ನೇ ಕಸಿದುಕೊಂಡಿದ್ದರು.

ನಾನು ಎಲ್ಲ ಹೇಳಿದೆ. ಲಾರಿ, ಖಾಲಿ ಕಂಡ ರಸ್ತೆ, ಕಲ್ಲು. ಸೈಕಲ್ಲಿನವನು ದಾಟಿ ಹೋಗಬಹುದಾಗಿತ್ತು, ಅಷ್ಟು ನಿಧಾನ ಎಂದೆ. ಮಗನ ಕಲ್ಲಿನ ಸಾಲನ್ನೂ ಹೇಳಿದೆ, ಅದನ್ನು ಮೊದಲು ಇಡಿಸಿದವನು ಯಾರು ಎಂಬುದನ್ನೂ ಹೇಳಿದೆ. ಅರ್ಧ ಹೇಳುವ ಅಭ್ಯಾಸ ನನಗಿಲ್ಲ.

ಅವರು ನನ್ನ ಕಡೆ ಮುಖ ತಿರುಗಿಸಿದರು.

“ಅಂದ್ರ ಸಾವಕಾಶ ಬರತಿದ್ರು,” ಎಂದರು.

“ಹೌದವ್ವಾ.”

“ಮಾತು ತಪ್ಪಿಲ್ಲ.”

“ನಿಮಗ ಕೊಟ್ಟ ಮಾತು ತಪ್ಪಿಲ್ಲ.”

ಆಗ ಅವರಿಗೆ ಅಳು ಬಂತು. ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು, ಸೆರಗು ಸಿಕ್ಕಿಸಿಕೊಂಡು ಹೊರಬಂದರು. ಮಗನಿಗೆ ಫೋನು ಹಚ್ಚಿ ಕೊಡಲು ಹೇಳಿದರು. “ಕಲ್ಲು ಎತ್ತಿ ಹಾಕಿ ಜಲ್ದಿ ಮನಿಗೆ ಬಾ. ಒಂದೂ ಉಳೀಬಾರದು. ಎಲ್ಲಿಗೆ ಅಂತ ಕೇಳಬ್ಯಾಡ,” ಎಂದರು. ಫೋನು ನನ್ನ ಕೈಗೆ ವಾಪಸು ಕೊಟ್ಟು, “ಆ ಜಾಗ ತೋರಸ್ರಿ ಅಣ್ಣಾರ” ಎಂದರು.

ಮಗ ಅವರನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡ. ನಾನು ಮುಂದೆ ಹೋದೆ. ಅಲ್ಲಿಗೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಅದೇ ಜಾಗದಲ್ಲಿ ಭತ್ತ ಹರಡಿತ್ತು, ಅದೇ ಕಲ್ಲುಗಳು ಸಾಲಿಗೆ ನಿಂತಿದ್ದವು. ತಿಂಗಳೂ ತುಂಬಿರಲಿಲ್ಲ! ಮಾಲೀಕ ಕಾಲಿನಿಂದ ಭತ್ತ ತಿರುವಿ ಹಾಕುತ್ತಿದ್ದ. ನನ್ನನ್ನು ಗುರುತು ಹಿಡಿದು ಮುಖ ಗಂಟು ಹಾಕಿದ.

“ಮತ್ತ ಬಂದ್ರೇನ್ರಿ? ಎಷ್ಟು ಸಲ ಹೇಳಬೇಕು, ಅವ್ರು ಜೋರ್...”

“ಈಕಿ ಅವನ ಹೇಣ್ತಿ,” ಎಂದೆ.

ಅವನು ಭತ್ತ ತಿರುವುವುದನ್ನು ನಿಲ್ಲಿಸಿದ. ಆಕೆ ಹೋಗಿ ಸಾಲಿನ ಮೊದಲ ಕಲ್ಲನ್ನು ಬಾಗಿ ಎತ್ತಿಕೊಂಡರು. ಭಾರವಿತ್ತು, ಬಿಡಲಿಲ್ಲ.

“ಎಂಥಾ ಕಲ್ಲಪ್ಪಾ ಇದು? ಹೊಲದ್ದಾ, ರಸ್ತೆದ್ದಾ?”

“ಅವ್ವಾ, ಇಡ್ರಿ, ಕಾಲ ಮ್ಯಾಲ ಬಿದ್ದೀತು. ನಿಮ್ಮ ಮಗಾನೂ ಇಡ್ತಾನ್ರಿ, ಗೊರೇಬಾಳದಾಗ ನಾನ ನೋಡೀನಿ.”

“ಇಂದು ಮುಂಜಾನಿತನಕ ಇಟ್ಟಾನ. ನನ್ನ ಗಂಡಾನೂ ಇಟ್ಟಾನಂತ. ಅದನ್ನ ಕೇಳಾಕ ಬಂದಿಲ್ಲ ನಾ. ನನ್ನ ಗಂಡ ಹೆಂಗ ಬಿದ್ದ, ಅದನ್ನ ಹೇಳು. ಮಾಸ್ತರ ಹೇಳ್ಯಾರ. ನಿನ್ನ ಬಾಯಿಲೆ ಕೇಳಬೇಕು.”

ಅವನು ನನ್ನನ್ನು ನೋಡಿದ. ಮಗನನ್ನು ನೋಡಿದ. ಮಗ ನೆಲ ನೋಡಿದ. ಅತ್ತ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಉಳಿದರ್ಧ ರಸ್ತೆಯಲ್ಲಿ ನುಸುಳಿ ಹೋಯಿತು. ಆಕೆ ಕಲ್ಲು ಹಿಡಿದುಕೊಂಡೇ ನಿಂತಿದ್ದರು.

“ಸಾವಕಾಶ ಬಂದ್ರವ್ವಾ,” ಎಂದ ಅವನು ಕೊನೆಗೆ. “ಲಾರಿಗೆ ದಾರಿ ಬಿಟ್ರು. ಕಲ್ಲು ಕಾಣಲಿಲ್ಲ ಅವ್ರಿಗೆ. ನಾ ತೆಗೀಬೇಕಿತ್ತು.”

ಆಕೆ ಕಲ್ಲನ್ನು ಅವನ ಕೈಗೆ ಕೊಟ್ಟರು. ಹೋಗಿ ಮಗನ ಗಾಡಿ ಹತ್ತಿ ಕೂತರು.

ಮಾಲೀಕ ಅವತ್ತು ಕಲ್ಲೆಲ್ಲ ಬದುವಿಗೆ ಹಾಕಿದ. ನಾನೂ ಕೈ ಹಚ್ಚಿದೆ, ಅವನ ಮೇಲಿನ ಪ್ರೀತಿಯಿಂದಲ್ಲ, ಒಂದೂ ಉಳಿಯಬಾರದೆಂದು. ಗೊರೇಬಾಳದ ಗದ್ದೆಯಲ್ಲಿ ಈಗ ಗೊಬ್ಬರದ ಖಾಲಿ ಚೀಲಗಳಿಗೆ ಭತ್ತದ ಹುಲ್ಲು ತುರುಕಿ ಅಂಚಿಗೆ ಇಡುತ್ತಾರೆ. ಬೈಕು ಹಾಯ್ದರೆ ಚೀಲ ಒದ್ದುಕೊಂಡು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಮಗ ಇದನ್ನು ಮೆಚ್ಚುಗೆಯ ಆಸೆಯಿಂದ ನನಗೆ ತೋರಿಸಿದ. ನಾನು ಮೆಚ್ಚಲಿಲ್ಲ. ಅರ್ಧ ರಸ್ತೆ ಇನ್ನೂ ಭತ್ತದ್ದೇ ಇದೆ. ಅಷ್ಟಾದರೂ ಆಯಿತಲ್ಲ ಎಂದು ಅವನ ತಾಯಿ ಹೇಳಿದರು. ಅವರ ಮಾತಿಗೆ ನಾನು ಎದುರಾಡಲಿಲ್ಲ.

ಉಳಿದ ಊರುಗಳ ಮುಂದೆ ಕಲ್ಲಿನ ಸಾಲು ಹಾಗೇ ಇದೆ. ಸುಗ್ಗಿಯಲ್ಲಿ ನಾನು ಭಾನುವಾರ ಬೆಳಗಿನ ಬದಲು ಸಂಜೆಗೆ ಹೊರಡುತ್ತೇನೆ. ಭತ್ತ ಬಳಿದು ಕಲ್ಲು ಬಿಟ್ಟಿದ್ದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ದೀಪ ಹಾಕಿಟ್ಟು, ಕಲ್ಲುಗಳನ್ನು ಒಂದೊಂದಾಗಿ ಕಾಲಿನಿಂದ ತಗ್ಗಿಗೆ ಉರುಳಿಸುತ್ತೇನೆ. ರಾಶಿ ಕಾಯುವವರು ಓಡಿ ಬರುತ್ತಾರೆ.

“ಏ ಮುದುಕಾ, ತಲಿ ಕೆಟ್ಟೈತೇನು? ಯಾರ್ ಹೇಳ್ಯಾರ ನಿನಗ?”

ಬೈಯಲಿ. ನನಗೆ ಸೊಂಟ ನೋಯುತ್ತದೆ, ಕೆಲಸ ನಿಲ್ಲುವುದಿಲ್ಲ. ಹೋದ ವಾರ ಒಬ್ಬ ಕೋಲು ಹಿಡಿದುಕೊಂಡು ಬಂದಿದ್ದ. ಹೊಡೆಯುವುದಾದರೆ ಹೊಡಿ, ಆಮೇಲೆ ಈ ಕೊನೆಯ ಎರಡು ಕಲ್ಲು ನೀನೇ ಉರುಳಿಸು ಎಂದೆ. ಅವನು ಹೊಡೆಯಲಿಲ್ಲ, ಉರುಳಿಸಲೂ ಇಲ್ಲ. ಆ ಎರಡನ್ನೂ ನಾನೇ ಉರುಳಿಸಿದೆ.